ಪಾರ್ವತೆಮ್ಮನ ಕೈ ಕಂಡವರು

“ಯಾರ ಪೈಕಿ ನೀನು? ಅದನ್ನ ಹೇಳು ಮೊದ್ಲ. ಪೇಪರ್ ಗೀಪರ್ ಆಮ್ಯಾಲೆ ನೋಡೂನು.”

ಗಡಿಗೆಪ್ಪ ಸಾಹುಕಾರ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ. ಹಣೆ ತುಂಬ ವಿಭೂತಿ. ಪೋತ್ನಾಳದ ಹೊರಗಿರುವ ಅವನ ರೈಸ್ ಮಿಲ್ಲಿನ ಆಫೀಸಿನಲ್ಲಿ ಮೂರು ಖಾಲಿ ಕುರ್ಚಿಗಳಿದ್ದವು. ನಾನು ನಿಂತೇ ಇದ್ದೆ.

“ಸುಜಾತಾ ಅಂತ್ರಿ. ದೇವದುರ್ಗದಾಕಿ. ಈಗ ರಾಯಚೂರಾಗ ಇರ್ತೀನಿ.”

“ದೇವದುರ್ಗದಾಗ ಎಲ್ಲಿ? ಊರಾಗೋ, ಕೇರ್ಯಾಗೋ?”

“ಕೇರ್ಯಾಗ.”

“ಹಂಗನ್ನು.” ಕಳೆದದ್ದು ಸಿಕ್ಕವನಂತೆ ಅವನ ಮುಖ ಸಡಿಲಾಯಿತು. “ಕಾರ್ಡ್ ಎಲ್ಲದ?”

ಕಾರ್ಡ್ ಇರಲಿಲ್ಲ. ನಾನು ಯಾವ ಪತ್ರಿಕೆಯ ನೌಕರಳೂ ಅಲ್ಲ. ಬರೆದದ್ದನ್ನು ಯಾರು ಹಾಕಿಕೊಳ್ಳುತ್ತಾರೋ ಅವರಿಗೆ ಕೊಡುವವಳು. ಈ ಸಲ ಬೆಂಗಳೂರಿನ ಒಂದು ವಾರಪತ್ರಿಕೆ ಒಪ್ಪಿತ್ತು. ಇದೇ ಮಿಲ್ಲಿನ ಬೆಲ್ಟಿಗೆ ಬಲಗೈಯ ನಾಲ್ಕು ಬೆರಳು ಕಳೆದುಕೊಂಡ ಪಾರ್ವತೆಮ್ಮನ ವಿಷಯ. “ಮಾಲೀಕರ ಹೇಳಿಕೆ ಬೇಕೇ ಬೇಕಮ್ಮ. ಕಣ್ಣಾರೆ ಕಂಡವರು ಒಬ್ಬರಾದರೂ ಬೇಕು” ಎಂದಿದ್ದ ಸಂಪಾದಕ. ಇಲ್ಲದ ನಾಲ್ಕು ಬೆರಳು ಅವನಿಗೆ ಸಾಕ್ಷಿ ಅನ್ನಿಸಿರಲಿಲ್ಲ.

“ಪಾರ್ವತೆಮ್ಮ ನಿಮ್ಮ ಮಿಲ್ಲಿನಾಗ ದುಡೀತಿದ್ಲಲ್ರಿ?”

“ಯಾವ ಪಾರ್ವತೆಮ್ಮ? ದಿನಾ ನೂರು ಸೂಳೆಮಕ್ಕಳು ಬರ್ತಾರ, ಹೋಗ್ತಾರ. ಆಕಿ ನುಚ್ಚು ಕದಿಯಾಕ ಒಳಗ ಹೊಕ್ಕಿದ್ಲು. ಕಳ್ಳಿ ಕೈ ಹೋತು. ಬರ್ಕೋ. ನನ್ನ ಹೆಸರು ತಪ್ಪಿಲ್ಲದಂಗ ಬರಿ. ಫೋಟೊ ಬೇಕಂದ್ರ ಕೊಡ್ತೀನಿ.”

ಬರೆದುಕೊಂಡೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಆಳನ್ನು ಕರೆದು, ನಾನು ನಿಂತಿದ್ದ ಜಾಗಕ್ಕೆ ನೀರು ಹಾಕಿಸಿದ. ತಿರುಗಿ ನೋಡಿ ಅದನ್ನೂ ಬರೆದುಕೊಂಡೆ.

ಪಾರ್ವತೆಮ್ಮ ಮನೆಯಲ್ಲಿ ಎಡಗೈಯೊಂದರಿಂದಲೇ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಹರಿಯುತ್ತಿತ್ತು. ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದಳು. ನಾನು ಯಾರೆಂದು ಹೇಳಿದರೂ ತಲೆ ಎತ್ತಲಿಲ್ಲ.

“ಹೋಗವ್ವಾ. ಹೋದ ತಿಂಗಳು ಒಬ್ಬ ಬಂದಿದ್ದ. ಕೈ ಹಿಂಗ ಹಿಡಿ, ಹಂಗ ಹಿಡಿ, ಸ್ವಲ್ಪ ಅಳು ಅಂದ. ಅಳು ಬರ್ಲಿಲ್ಲಂದ್ರ ಸಿಟ್ಟಾದ.” ಗೂಡಿನಲ್ಲಿದ್ದ ಪತ್ರಿಕೆಯ ತುಂಡು ತೋರಿಸಿದಳು. “ಏನ್ ಬರ್ದಾನ ಓದು.”

ಗಡಿಗೆಪ್ಪನ ಹೆಸರು, ಕೈಮುಗಿದ ಫೋಟೊ, ಅವನ ದಾನಧರ್ಮದ ವಿವರ. ಕೊನೆಗೊಂದು ಸಾಲು: ‘ಹೆಸರು ಹೇಳಲಿಚ್ಛಿಸದ ಕೂಲಿ ಮಹಿಳೆಯೊಬ್ಬರು ಆರೋಪಿಸಿದ್ದಾರೆ.’

“ನಾ ಯಾವಾಗಬೇ ಹೆಸರು ಹೇಳಂಗಿಲ್ಲ ಅಂದ್ನಿ? ಪಾರ್ವತೆಮ್ಮ, ಗಂಡ ಆದೆಪ್ಪ ಅಂತ ಮೂರು ಸಲ ಹೇಳೀನಿ ಆ ಭಾಡ್ಯಾಗ!”

ಆ ಸಾಲನ್ನು ನಾನೂ ಎಷ್ಟೋ ಸಲ ಬರೆದಿದ್ದೆ. ಯಾರನ್ನೂ ಕೇಳದೆ ಬರೆದಿದ್ದೆ.

ಪುಸ್ತಕ ಚೀಲಕ್ಕೆ ಹಾಕಿ, ಕೈ ತೊಳೆದು ಅವಳ ಮುಂದೆ ಕೂತು ಹಿಟ್ಟು ತೆಗೆದುಕೊಂಡೆ. ನಾಲ್ಕನೆಯ ರೊಟ್ಟಿ ಹಂಚಿಗೆ ಬಿದ್ದಾಗ ಅವಳು ತಾನಾಗಿಯೇ ಶುರು ಮಾಡಿದಳು.

“ಬೆಲ್ಟಿನಾಗ ಹುಲ್ಲು ಸಿಕ್ಕು ಮಷಿನ್ ನಿಂತಿತ್ತು. ಕೈ ಹಾಕಿ ತಗಿಬೇ ಅಂದ ಸಾಹುಕಾರ. ನಾ ಕೈ ಹಾಕಿನ್ನೂ ಹೊರಗ ತಗದಿಲ್ಲ, ಸ್ವಿಚ್ ಒತ್ತಿಬಿಟ್ಟ. ಹಮಾಲಿ ತಾಯಣ್ಣ ನನ್ನ ಹೊತ್ಕೊಂಡು ಮಾನ್ವಿ ಆಸ್ಪತ್ರಿಗೆ ಒಯ್ದ. ಆತ ಎಲ್ಲಾ ನೋಡ್ಯಾನ. ಪೊಲೀಸರ ಮುಂದ ಮಾತ್ರ ನೋಡಿಲ್ಲ ಅಂದ.”

“ಮತ್ತ ನನ್ನ ಮುಂದ ಹೇಳ್ತಾನೇನು ಯವ್ವಾ?”

“ನಾನೂ ಬರ್ತೀನಿ ನಡಿ. ನನ್ನ ಮಾರಿ ನೋಡ್ಕೋಂತ ಸುಳ್ಳು ಹೇಳ್ಲಿ.”

ಮಿಲ್ಲಿನ ಗೇಟಿನ ಹೊರಗೆ ಲಾರಿ ನಿಂತಿತ್ತು. ಹಮಾಲರು ಗೋದಾಮಿನಿಂದ ಅಕ್ಕಿ ಚೀಲ ಹೊತ್ತು ತರುತ್ತಿದ್ದರು. ಪಾರ್ವತೆಮ್ಮ ಗೇಟಿನ ನಡುವೆ ನಿಂತು ತಾಯಣ್ಣನನ್ನು ತಡೆದಳು. ನಾನು ಮಾತು ರೆಕಾರ್ಡ್ ಮಾಡಲೆಂದು ಫೋನು ಕೈಯಲ್ಲಿ ಹಿಡಿದೆ.

“ಈಕಿ ಬರ್ಕೋತಾಳ. ಅವತ್ತು ಏನಾತು ಹೇಳು.”

ಚೀಲದ ಭಾರಕ್ಕೆ ಬಾಗಿದ ಅವನ ಕಣ್ಣಿಗೆ ಅವಳ ಮುಖ ಕಾಣುತ್ತಿರಲಿಲ್ಲ. ನೇರ ಎದುರಿಗೆ ಕೈ ಕಾಣುತ್ತಿತ್ತು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ.

“ಯಕ್ಕಾ, ಬಾಯಿ ಬಿಟ್ರ ಯಾವ ಮಿಲ್ಲಿನಾಗೂ ಚೀಲ ಮುಟ್ಟಸಂಗಿಲ್ಲ ಅಂದಾನ ಸಾಹುಕಾರ…”

“ಲೇ ತಾಯ್ಯಾ!” ಆಫೀಸಿನ ಮೆಟ್ಟಿಲಿಂದ ಗಡಿಗೆಪ್ಪ ಕೂಗಿದ. “ಏನ್ ನಿಂತೀಲೇ ನಿಮ್ಮವ್ವನ? ಆ ಕಳ್ಳಿನ ಕಾಲಾಗ ಒದ್ದು ದಾಟಿ ಹೋಗಲೇ!”

ತಾಯಣ್ಣ ಬೆನ್ನು ಕೊಡವಿದ. ಚೀಲ ಗೇಟಿನ ನಟ್ಟನಡುವೆ ದೊಪ್ಪನೆ ಬಿತ್ತು. ಹೊಲಿಗೆ ಬಿಚ್ಚಿ ಅಕ್ಕಿ ಚೆಲ್ಲಿತು. ಅವನು ಅದರ ಮೇಲೆ ಕೂತ. ಹಿಂದೆ ಬರುತ್ತಿದ್ದ ಹಮಾಲ ಯಲ್ಲಾಲಿಂಗ ತನ್ನ ಚೀಲವನ್ನು ಅದರ ಪಕ್ಕಕ್ಕೆ ಇಳಿಸಿದ. ಅವನ ಹಿಂದಿನವನೂ ಇಳಿಸಿದ. ಲಾರಿಯವನು ಹಾರನ್ ಒತ್ತತೊಡಗಿದ.

“ಹಚ್ಚವ್ವಾ ಆ ಫೋನು,” ಎಂದ ತಾಯಣ್ಣ. “ತಾಯಣ್ಣ, ಹಮಾಲಿ. ಪೊಲೀಸರಿಗೆ ಹೇಳಿದ್ದು ಸುಳ್ಳು. ಸ್ವಿಚ್ ಒತ್ತಿದಾತ ಅಗಾ ಅಲ್ಲಿ, ಮೆಟ್ಟಲ ಮ್ಯಾಲ ನಿಂತಾನ.”