ಸಾಂಬಾರಿನ ಪೊಟ್ಟಣದ ಗಂಟು

ಮಗಳ ಬಾಯಿಗೆ ಕೊನೆಯ ತುತ್ತು ಇಟ್ಟು ಭವ್ಯಶ್ರೀ ಕೈ ತೊಳೆಯಲು ಏಳುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಎಡಗೈಯಲ್ಲೇ ತೆಗೆದು ನೋಡಿದಳು. ಅಪೂರ್ವಳ ಸಂದೇಶ: "ದಿನಾ ನೋಟ್ ನೋಡಿ ನೆನಪಿಟ್ಟು ಕಳಿಸ್ತೀರ, ತುಂಬಾ ಥ್ಯಾಂಕ್ಸ್. ಇವತ್ತು ಏಕಾದಶಿ, ಎಲ್ಲದಕ್ಕೂ ಶೇಂಗಾ ಬೀಳುತ್ತೆ ಅಂತ ಕೇಳಿದ್ದೀನಿ. ಶ್ರದ್ಧಾ ಡಬ್ಬಿ ಸ್ವಲ್ಪ ಜೋಪಾನ."

ಅಪೂರ್ವ ಮೈಸೂರಿನ ಕಡೆಯವಳು. ಪುಣೆಯ ಯೆರವಡಾದ ಐಟಿ ಪಾರ್ಕಿನಲ್ಲಿ ಕೆಲಸ. ನಾಲ್ಕು ವರ್ಷದ ಮಗಳು ಶ್ರದ್ಧಾಳನ್ನು ಕಲ್ಯಾಣಿನಗರದ ಶಿಶುಮಂದಿರದಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಿದ್ದಳು. ಆ ಮಗುವಿನ ಮಧ್ಯಾಹ್ನದ ಇಡ್ಲಿ ಡಬ್ಬಿ ಹೋಗುತ್ತಿದ್ದದ್ದು ಭವ್ಯಶ್ರೀಯ ಅತ್ತೆ ಲೀಲಾಕ್ಷಿ ನಡೆಸುವ ಈ ಹೋಟೆಲಿನಿಂದ. ಮನೆಯಲ್ಲೇ ಕೂತು ತಿಂಡಿ ತರಿಸಿಕೊಳ್ಳುವವರಿಗಾಗಿ ಭವ್ಯಶ್ರೀ ಹೋಟೆಲಿಗೊಂದು ವೆಬ್ ಪುಟ ಮಾಡಿದಾಗ, ತಪ್ಪದೆ ದಿನವೂ ಅದರಲ್ಲಿ ಬರೆಯತೊಡಗಿದ ಮೊದಲ ಗಿರಾಕಿ ಇವಳೇ.

ನೋಟ್ ನೋಡಿ ಎಂದರೆ ಏನು? ಭವ್ಯಶ್ರೀಗೆ ನೆನಪಿದ್ದಂತೆ ಅಡುಗೆಮನೆಯ ಯಂತ್ರದಲ್ಲಿ ಅಚ್ಚಾಗಿ ಬರುವ ಅವಳ ಚೀಟಿಯಲ್ಲಿ ಇರುತ್ತಿದ್ದದ್ದು ಎರಡೇ ಮಾತು, 'ಖಾರ ಕಡಿಮೆ'. ಗೋಡೆಯ ತಂತಿಗೆ ಚುಚ್ಚಿಟ್ಟಿದ್ದ ಚೀಟಿಗಳನ್ನು ಎಂಜಲು ಕೈಯಲ್ಲೇ ತಿರುವಿದಳು. ನಿನ್ನೆಯದು, ಮೊನ್ನೆಯದು, ಹಿಂದಿನ ವಾರದ್ದು. ಎಲ್ಲದರಲ್ಲೂ ಅಷ್ಟೇ. ಶೇಂಗಾ ಎಂಬ ಮಾತು ಒಂದರಲ್ಲೂ ಇಲ್ಲ.

ಅಕ್ಕಿ ಮೂಟೆಯ ಮೇಲಿದ್ದ ಲ್ಯಾಪ್‌ಟಾಪ್ ತೆರೆದಳು. ಗಿರಾಕಿ ತನ್ನ ಮೊಬೈಲಿನಲ್ಲಿ ಬರೆದದ್ದೆಲ್ಲ ಒಂದು ಉದ್ದ ವೆಬ್ ವಿಳಾಸದ ಬಾಲವಾಗಿ ಅಡುಗೆಮನೆಯ ಕಂಪ್ಯೂಟರಿಗೆ ಬರುವ ಹಾಗೆ ಅವಳು ಮಾಡಿದ್ದಳು. ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ ಹೆಸರು, ತಿಂಡಿ, ಸೂಚನೆ; ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ ಬೇಲಿಯ ಹಾಗೆ ಒಂದು & ಚಿಹ್ನೆ. ಬಂದ ವಿಳಾಸಗಳೆಲ್ಲ ಒಂದು ಕಡೆ ಉಳಿದಿರುತ್ತಿದ್ದವು. ಇವತ್ತಿನ ಅಪೂರ್ವಳ ವಿಳಾಸವನ್ನು ಹುಡುಕಿ ತೆಗೆದಳು. ಅಲ್ಲಿತ್ತು ಪೂರ್ತಿ ಮಾತು: 'ಖಾರ ಕಡಿಮೆ & ಶೇಂಗಾ ಬೇಡ, ಅಲರ್ಜಿ ಇದೆ.'

ಅಪೂರ್ವ ಬರೆದ & ಚಿಹ್ನೆಯನ್ನೇ ಕಂಪ್ಯೂಟರು ಬೇಲಿ ಎಂದುಕೊಂಡಿತ್ತು. ಸೂಚನೆ ಅಲ್ಲಿಗೆ ಮುಗಿಯಿತೆಂದು ಬಗೆದು, ಉಳಿದದ್ದು ಯಾರಿಗೂ ಬೇಡದ ಮಾತೆಂದು ಬಿಟ್ಟುಬಿಟ್ಟಿತ್ತು.

ಎಲ್ಲಿ ತಪ್ಪಿದೆನೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ವಿಳಾಸಕ್ಕೆ ಸೇರಿಸುವ ಮೊದಲು ಗಿರಾಕಿಯ ಮಾತಿನೊಳಗಿನ ಇಂಥ ಚಿಹ್ನೆಗಳನ್ನು ಬೇರೆ ಗುರುತಿಗೆ ಬದಲಿಸಿಕೊಳ್ಳಬೇಕು, ಅಂದರೆ ಎನ್‌ಕೋಡ್ ಮಾಡಬೇಕು; & ಇದ್ದಲ್ಲಿ %26 ಆಗಬೇಕು. ಮೊದಲು ಸಾಫ್ಟ್‌ವೇರ್ ಕಂಪನಿಯ ಕೆಲಸದಲ್ಲಿದ್ದಾಗ ಇದನ್ನು ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದಳು. ಇಲ್ಲಿ ಕನ್ನಡ ಅಕ್ಷರಗಳೆಲ್ಲ ತಾವಾಗಿಯೇ ಶೇಕಡಾ ಗುರುತಿನ ಸಾಲಾಗಿ ಬದಲಾಗಿ ಹೋಗುತ್ತಿದ್ದುದನ್ನು ಕಂಡು, ಉಳಿದದ್ದೂ ಹಾಗೇ ಆಗುತ್ತದೆ ಎಂದು ನಂಬಿದ್ದಳು. ಪರೀಕ್ಷೆ ಮಾಡಿದವರಾದರೂ ಯಾರು? ಹೋಟೆಲಿನವರೇ. ಸಪ್ಲೈಯರುಗಳು ಅಡುಗೆಮನೆಗೆ ಕೂಗುವ ಹಾಗೆ 'ಎರಡು ಇಡ್ಲಿ ಒಂದು ವಡೆ', 'ಸಾಂಬಾರ್ ಬೇರೆ' ಎಂದು ಮೊಟಕಾಗಿ ಬರೆದು, ಎಲ್ಲ ಸರಿಯಾಗಿ ಬಂತೆಂದು ಚಪ್ಪಾಳೆ ತಟ್ಟಿದ್ದರು. ಮಗುವಿನ ತಾಯಿಯ ಹಾಗೆ ಉದ್ದಕ್ಕೆ ಬರೆದು ನೋಡಿದವರು ಯಾರೂ ಇರಲಿಲ್ಲ.

"ಅತ್ತೆ, ಶ್ರದ್ಧಾಳ ಡಬ್ಬಿಗೆ ಯಾವ ಚಟ್ನಿ ಹಾಕಿದ್ದು?"

ಲೀಲಾಕ್ಷಿ ಪಾರ್ಸೆಲ್ ಮೇಜಿನ ಹತ್ತಿರ ನಿಂತು ಪ್ಲಾಸ್ಟಿಕ್ ಪೊಟ್ಟಣಗಳಿಗೆ ಸಾಂಬಾರು ಹುಯ್ದು ಬಾಯಿಗೆ ದಾರ ಸುತ್ತುತ್ತಿದ್ದರು. "ಇವತ್ತು ಎರಡು ಬಗೆ ಎಲ್ಲಿಂದ ಬರ್ಬೇಕು ಮಾರಾಯ್ತಿ? ಉಪವಾಸದ್ದೇ. ಮೊಸರು ಸೇರಿಸಿ ಖಾರ ಇಳಿಸಿದ್ದೇನೆ, ಚೀಟಿಯಲ್ಲಿ ಉಂಟಲ್ಲ."

ಉಳಿದ ದಿನ ಈ ಹೋಟೆಲಿನ ಚಟ್ನಿಗೆ ತೆಂಗಿನಕಾಯಿ ಬಿಟ್ಟರೆ ಬೇರೇನೂ ಇಲ್ಲ. ಕರಾವಳಿಯವರ ಹಟ ಅದು. ಏಕಾದಶಿಗೆ ಮಾತ್ರ ಪುಣೆಯ ಗಿರಾಕಿಗಳಿಗಾಗಿ ಸಬ್ಬಕ್ಕಿಯ ಸಾಬುದಾಣಾ ಖಿಚಡಿ, ಉಪವಾಸದ ವಡೆ, ಅದಕ್ಕೆ ಹುರಿದ ಶೇಂಗಾ ಅರೆದ ಚಟ್ನಿ. ಉಪವಾಸಕ್ಕೆ ಆಗದ ಸಾಸಿವೆ, ಉದ್ದಿನಬೇಳೆ ಒಗ್ಗರಣೆಯ ಚಟ್ನಿಯ ಸೌಟು ತಪ್ಪಿಯೂ ಉಪವಾಸದ ಪಾತ್ರೆಗೆ ಬೀಳಬಾರದೆಂದು ಆ ದಿನ ಇಡೀ ಹೋಟೆಲಿಗೆ ಅದೊಂದೇ ಚಟ್ನಿ. ವೆಬ್ ಪುಟ ಶುರುವಾದ ಮೇಲೆ ಇದೇ ಮೊದಲ ಏಕಾದಶಿ; ಚೀಟಿ ಇಷ್ಟು ದಿನ ಅರ್ಧವೇ ಬಂದಿದ್ದರೂ ಏನೂ ಆಗದಿದ್ದದ್ದು ತೆಂಗಿನಕಾಯಿಯ ಪುಣ್ಯದಿಂದ.

ಭವ್ಯಶ್ರೀ ವಿಷಯ ಹೇಳಿದಳು. ಲೀಲಾಕ್ಷಿಯ ಕೈಯಲ್ಲಿದ್ದ ದಾರ ಹಾಗೇ ನಿಂತಿತು.

ಡಬ್ಬಿ ಹೊತ್ತು ಅವ್ವಣ್ಣ ಆಗಲೇ ಹೊರಟಾಗಿತ್ತು. ಅವನು ವಿಜಯಪುರದ ಕಡೆಯವನು, ಪಾರ್ಸೆಲ್ ಮುಟ್ಟಿಸುವುದು ಅವನ ಕೆಲಸ. ಭವ್ಯಶ್ರೀ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಸ್ಕೂಟರ್ ಮೇಲಿರುವಾಗ ಯಾರದೇ ಫೋನ್ ಬಂದರೂ ತೆಗೆಯಕೂಡದು ಎಂದು ಅವನಿಂದ ಆಣೆ ಮಾಡಿಸಿಕೊಂಡವರು ಲೀಲಾಕ್ಷಿಯೇ. ಮಾತು ಉಳಿಸಿಕೊಳ್ಳುವ ಮನುಷ್ಯ.

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಮೈದುನ ಅಕ್ಷಯ, ಬಿಲ್ಲಿಗೆ ನಿಂತಿದ್ದ ಹಿರಿಯರಿಗೆ "ದೋನ್ ಮಿನಿಟ್ ಥಾಂಬಾ ಕಾಕಾ" ಎಂದು ಮರಾಠಿಯಲ್ಲಿ ಎರಡು ನಿಮಿಷ ನಿಲ್ಲಲು ಹೇಳಿ ಒಳಗೆ ಬಂದ. ಸಂಗತಿ ಕೇಳಿ ಅವನ ಮುಖವೂ ಬಿಳುಪೇರಿತು. ಆದರೂ ವ್ಯಾಪಾರದ ಬುದ್ಧಿ ಓಡಿತು. ಅವ್ವಣ್ಣ ಇನ್ನೇನು ಅಲ್ಲಿ ಇಳಿಯುತ್ತಾನೆ, ಇಳಿದವನೇ ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡುತ್ತಾನೆ, ಡಬ್ಬಿ ವಾಪಸು ತರಿಸಿದರೆ ಮುಗಿಯಿತು ಎಂದ.

"ಶಿಶುಮಂದಿರದ ನಂಬರ್ ನಮ್ಮಲ್ಲಿಲ್ಲ. ಅಪೂರ್ವರ ಹತ್ತಿರ ಇರ್ತದೆ," ಭವ್ಯಶ್ರೀ ಅಂದಳು.

"ಅವ್ರಿಗೆ ಹೇಳಿದ್ರೆ ನಾಳೆಯಿಂದ ನಮ್ಮ ಇಡ್ಲಿ ಮೂಸಿಯೂ ನೋಡ್ಲಿಕ್ಕಿಲ್ಲ ಅತ್ತಿಗೆ. ಅವ್ರ ಆಫೀಸಿಗೆಲ್ಲ ಸುದ್ದಿ ಆಗ್ತದೆ. ಐದು ನಿಮಿಷ ಕಾಯುವ."

"ಅವ್ವಣ್ಣ ಡಬ್ಬಿ ಕೊಟ್ಟು ಹಾಗೇ ಮುಂದೆ ಹೋದ್ರೆ?"

ಉತ್ತರಕ್ಕಾಗಿ ಅವಳು ಕಾಯಲಿಲ್ಲ. ಅಷ್ಟರಲ್ಲೇ ಅಪೂರ್ವಳ ನಂಬರು ಒತ್ತಿ ಕಿವಿಗಿಟ್ಟುಕೊಂಡಿದ್ದಳು. ಮಗಳು ಬಂದು ಕಾಲು ಹಿಡಿದಳು. ಭವ್ಯಶ್ರೀ ಅವಳನ್ನು ಸೊಂಟಕ್ಕೆ ಎತ್ತಿಕೊಂಡಳು. ಮೀಟಿಂಗಿನಲ್ಲಿದ್ದ ಅಪೂರ್ವ ಪಿಸುದನಿಯಲ್ಲಿ ಹಲೋ ಅಂದಳು.

"ಅಪೂರ್ವ, ಇವತ್ತಿನ ಡಬ್ಬಿಯ ಚಟ್ನಿಯಲ್ಲಿ ಶೇಂಗಾ ಇದೆ. ಈಗಲೇ ಶಿಶುಮಂದಿರಕ್ಕೆ ಫೋನ್ ಮಾಡಿ, ಡಬ್ಬಿ ತೆಗೀಬಾರದು ಅಂತ ಹೇಳಿ. ಉಳಿದದ್ದು ಆಮೇಲೆ ಹೇಳ್ತೇನೆ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಫೋನ್ ಕಟ್ಟಾಯಿತು.

ಕಾಯುವುದನ್ನು ಬಿಟ್ಟು ಮಾಡಲು ಇನ್ನೇನೂ ಇರಲಿಲ್ಲ. ಭವ್ಯಶ್ರೀ ಮಗಳ ಬಾಯಿ ಒರೆಸಿದಳು, ತಟ್ಟೆ ತೊಳೆದಳು, ಒಣಗಿದ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡಳು. ಲೀಲಾಕ್ಷಿ ಯಾರಿಗೂ ಏನೂ ಹೇಳದೆ ಒಂದು ತೆಂಗಿನಕಾಯಿ ಒಡೆದು ತುರಿಯಲು ಕೂತರು. ಅಕ್ಷಯ ಗಲ್ಲಾಪೆಟ್ಟಿಗೆಗೂ ಹೋಗದೆ ಒಳಗೂ ಬಾರದೆ ಬಾಗಿಲಲ್ಲಿ ನಿಂತ. ಹೊರಗೆ ಕಾಕಾ ಬಿಲ್ಲಿಗಾಗಿ ಮೇಜು ಬಡಿದರು.

ಮೊದಲು ಬಂದದ್ದು ಅವ್ವಣ್ಣನ ಫೋನು.

"ಅಕ್ಕಾರ, ಡಬ್ಬಿ ನನ್ನ ಕೈಯಾಗೇ ಅದ ನೋಡ್ರಿ. ಇಲ್ಲಿ ಟೀಚರು ಒಳಗ ಒಯ್ದಿದ್ರು, ಫೋನ್ ಬಂದ ಕೂಡ್ಲೇ ತಾಯಿ ಹಂಗ ಓಡಿ ಬಂದು ವಾಪಸ್ ಕೊಟ್ರು. ಮುಚ್ಚಳಾ ತಗದಿಲ್ರಿ. ಹುಡುಗಿ ಮಾತ್ರ ಸಿಟ್ಟಾಗ್ಯಾಳ, ಕೈ ತೊಕ್ಕೊಂಡು ಕುಂತಿದ್ಲಂತ."

"ಅಲ್ಲೇ ಇರು ಅವ್ವಣ್ಣ. ಬೇರೆ ಡಬ್ಬಿ ಬರ್ತದೆ."

"ಬ್ಯಾಡ್ರಿ. ಹುಡುಗಿಗೆ ಅವ್ರೇ ಹಾಲು ಬಾಳಿಹಣ್ಣು ಕೊಡಾಕತ್ಯಾರ. ಅವ್ರವ್ವ ಬೇರೆ ಏನೂ ಕೊಡಬ್ಯಾಡ್ರಿ ಅಂದಾರಂತ."

ಭವ್ಯಶ್ರೀ ಫೋನ್ ಕೆಳಗಿಟ್ಟು ಅಕ್ಕಿ ಮೂಟೆಯ ಮೇಲೆ ಕೂತಳು. ಮಗಳ ನೆತ್ತಿಗೆ ಗಲ್ಲ ಊರಿದಳು. ಆ ಪುಟ್ಟ ನೆತ್ತಿ ಬೆಚ್ಚಗಿತ್ತು.

ಲೀಲಾಕ್ಷಿ ತುರಿಮಣೆಯಿಂದ ತಲೆಯೆತ್ತಿ, ಎಲ್ಲಿ ಎಂತ ತಪ್ಪಿದ್ದೆಂದು ತನಗೂ ತಿಳಿಯುವ ಹಾಗೆ ಹೇಳು ಎಂದರು. ಭವ್ಯಶ್ರೀ ಮೇಜಿನ ಮೇಲೆ ಬಾಯಿ ಕಟ್ಟದೆ ಉಳಿದಿದ್ದ ಸಾಂಬಾರಿನ ಪೊಟ್ಟಣವನ್ನು ತೋರಿಸಿದಳು.

"ಇದಕ್ಕೆ ಗಂಟು ಹಾಕದೆ ಚೀಲಕ್ಕೆ ಇಳಿಸಿದ್ರೆ ಎಂತ ಆಗ್ತದೆ ಅತ್ತೆ?"

"ಎಂತ ಆಗುದು, ಚೀಲ ಇಡೀ ಸಾಂಬಾರು. ಇಡ್ಲಿ ಯಾವುದು ಚಟ್ನಿ ಯಾವುದು ಗೊತ್ತಾಗ್ಲಿಕ್ಕಿಲ್ಲ."

"ಅದೇ ಆದದ್ದು. ಅವ್ರು ಬರೆದದ್ದನ್ನು ನಾನು ಗಂಟು ಹಾಕದೆ ಚೀಲಕ್ಕೆ ಇಳಿಸ್ತಿದ್ದೆ."

ಲೀಲಾಕ್ಷಿ ಆ ಪೊಟ್ಟಣವನ್ನು ಎತ್ತಿಕೊಂಡು, ಗಾಳಿ ಸೇರಿಸಿ ಬಾಯಿ ತಿರುಚಿ, ದಾರ ಸುತ್ತಿ ಬಿಗಿದರು. "ಹಾಗಾದ್ರೆ ಹಾಕು," ಎಂದರು. "ಕೂಸನ್ನು ನಾನು ನೋಡ್ತೇನೆ."

ಆ ಮಧ್ಯಾಹ್ನ ಭವ್ಯಶ್ರೀ ಮೂಟೆಯ ಮೇಲಿಂದ ಏಳಲಿಲ್ಲ. ಸರಿಪಡಿಸಬೇಕಾದ ಸಾಲು ಚಿಕ್ಕದು, ಅದು ಬೇಗ ಮುಗಿಯಿತು. ಸೂಚನೆಗೆ ಮಾತ್ರವಲ್ಲ, ಹೆಸರು, ತಿಂಡಿ, ಮನೆ ವಿಳಾಸ, ಗಿರಾಕಿ ಬರೆಯುವ ಪ್ರತಿಯೊಂದಕ್ಕೂ ಬೇರೆ ಬೇರೆ ಗಂಟು ಹಾಕಿದಳು. ಅಲರ್ಜಿ ಇದ್ದರೆ ಬರೆಯಲು ಬೇರೆಯೇ ಒಂದು ಜಾಗ ಮಾಡಿ, ಅದು ಚೀಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರುವಂತೆ ಇಟ್ಟಳು. ಆಮೇಲೆ ತಂಟೆಕೋರ ಗಿರಾಕಿಯಂತೆ ಕೂತು, ಕೀಲಿಮಣೆಯಲ್ಲಿದ್ದ ಚಿಹ್ನೆಗಳನ್ನೆಲ್ಲ ಒಂದೊಂದಾಗಿ ತುರುಕಿ ಕಳುಹಿಸಿ ನೋಡಿದಳು. ಕೂಡಿಸುವ ಚಿಹ್ನೆ ಮೊದಲು ಮಾಯವಾಗಿ ಖಾಲಿ ಜಾಗವಾಗುತ್ತಿತ್ತು. ಈಗ ಅದೂ ನೆಟ್ಟಗೆ ಬಂತು. ಕೈ ಹಳೆಯ ಚುರುಕಿನಲ್ಲೇ ಓಡುತ್ತಿತ್ತು. ಇದು ತನಗೆ ಬರುವ ಕೆಲಸ ಎಂಬುದರಲ್ಲಿ ಅವಳಿಗೆ ಆಗಲೂ ಅನುಮಾನ ಇರಲಿಲ್ಲ.

ಕೊನೆಗೆ ಹಳೆಯ ವಿಳಾಸಗಳನ್ನೆಲ್ಲ ಬಿಚ್ಚಿ, ಇನ್ನು ಯಾರ ಮಾತು ಅರ್ಧಕ್ಕೆ ತುಂಡಾಗಿತ್ತೆಂದು ಹುಡುಕಿದಳು. ಅಪಾಯದ್ದು ಮತ್ತೊಂದು ಸಿಗಲಿಲ್ಲ. ಒಬ್ಬರು ಮಾತ್ರ ಬರೆದಿದ್ದರು: 'ಮೂರನೆಯ ಮಹಡಿ & ಬೆಲ್ ಒತ್ತಬೇಡಿ, ಮಗು ಮಲಗಿರುತ್ತದೆ.' ಅವ್ವಣ್ಣನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ. ದಿನಾ ಎರಡು ಸಲ ಒತ್ತುತ್ತಿದ್ದೆನೆಂದೂ, ಆ ಮನೆಯಾಕೆ ಯಾಕೆ ಕಣ್ಣಲ್ಲೇ ಸುಡುತ್ತಿದ್ದಳೆಂದು ಈಗ ತಿಳಿಯಿತೆಂದೂ ಹೇಳಿದ. ಭವ್ಯಶ್ರೀ ಆ ಮನೆಗೂ ಫೋನ್ ಮಾಡಿದಳು.

ಸಂಜೆ ಅಪೂರ್ವಳ ಕರೆ ಬಂತು. ದನಿ ಸಮವಾಗಿತ್ತು, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಎಕ್ಸಾಕ್ಟಾಗಿ ಏನಾಯಿತು ಎಂದು ಕೇಳಿದಳು. ಭವ್ಯಶ್ರೀ ಒಂದೂ ಬಿಡದೆ ಹೇಳಿದಳು.

"ಎನ್‌ಕೋಡ್ ಮಾಡಿರ್ಲಿಲ್ವಾ?" ಅಪೂರ್ವಳದೂ ಅದೇ ಕಸುಬು.

"ಮಾಡಿರಲಿಲ್ಲ. ಈಗ ಎಲ್ಲದಕ್ಕೂ ಮಾಡಿದ್ದೇನೆ."

ಆ ಕಡೆ ಒಂದು ಮಗು ಏನೋ ಹಾಡಿಕೊಳ್ಳುತ್ತಿತ್ತು. "ನೀವು ಆಗ್ಲೇ ಫೋನ್ ಮಾಡಿದ್ರಿ, ಅದನ್ನ ಮರೆಯಲ್ಲ," ಎಂದಳು ಅಪೂರ್ವ. "ಆದ್ರೆ ನಾಳೆ ಡಬ್ಬಿ ನಾನೇ ಕಟ್ತೀನಿ ಭವ್ಯ ಅವ್ರೇ."

"ಸರಿ," ಎಂದಳು ಭವ್ಯಶ್ರೀ. ಹಾಗೆ ಹೇಳುವುದು ಅಪೂರ್ವಳ ಹಕ್ಕು. ತಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ ಎನಿಸಿತು.

ಮರುದಿನ ಆ ಚೀಟಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಷಯ ಡಬ್ಬಿಗಳ ಸಾಲಿನಲ್ಲಿ ಶ್ರದ್ಧಾಳ ಗುಲಾಬಿ ಡಬ್ಬಿಯನ್ನು ತೊಳೆದು ಹಿಂದಕ್ಕೆ ಸರಿಸಿಟ್ಟ. ಭವ್ಯಶ್ರೀ ಅದನ್ನು ನೋಡಿದಳು. ಬಂದ ಇತರ ಚೀಟಿಗಳನ್ನು ಒಂದೊಂದಾಗಿ ವಿಳಾಸದೊಡನೆ ತಾಳೆ ನೋಡಿ ತಂತಿಗೆ ಚುಚ್ಚಿದಳು.

ಸೋಮವಾರ ಬೆಳಿಗ್ಗೆ ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ಅಡುಗೆಮನೆಯ ಯಂತ್ರ ಕಿರ್ರೆಂದು ಚೀಟಿ ಉಗುಳಿತು. ಅಕ್ಷಯ ಹರಿದುಕೊಂಡು ಓದಲು ಹೋಗಿ ಹುಬ್ಬೇರಿಸಿದ.

"ಇದೆಂತ ಅತ್ತಿಗೆ, ನಿಮ್ಮ ಯಂತ್ರಕ್ಕೆ ಮೈಮೇಲೆ ಬಂತಾ?"

ಭವ್ಯಶ್ರೀ ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೈ ಚಾಚಿದಳು. ಚೀಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಅಲರ್ಜಿ: ಶೇಂಗಾ' ಎಂದಿತ್ತು. ಅದರ ಕೆಳಗೆ: 'ಖಾರ ಕಡಿಮೆ & + % # ? = & ಇಡ್ಲಿ ಮೆತ್ತಗಿರಲಿ & ಶ್ರದ್ಧಾ ನಿಮ್ಮ ಚಟ್ನಿ ಕೇಳ್ತಿದ್ದಾಳೆ.'

ಅಪೂರ್ವಳ ಪರೀಕ್ಷೆ ಕೊನೆಯ ಅಕ್ಷರದವರೆಗೂ ಬಂದಿತ್ತು. ಅವಳು ಅದನ್ನು ಅತ್ತೆಯ ಕಡೆಗೆ ಹಿಡಿದಳು. ಲೀಲಾಕ್ಷಿ ಕನ್ನಡಕ ಏರಿಸಿ, ಚಿಹ್ನೆಗಳನ್ನು ಹಾರಿಸಿ, ಮಾತುಗಳನ್ನಷ್ಟೇ ಓದಿದರು. ಆಮೇಲೆ ತೊಳೆದು ಬೋರಲು ಹಾಕಿದ್ದ ಮಿಕ್ಸಿ ಜಾರನ್ನು ಎತ್ತಿ, ಶೇಂಗಾದ ವಾಸನೆ ಉಳಿದಿದೆಯೇ ಎಂದು ಮೂಗಿನ ಹತ್ತಿರ ತಂದು ಮೂಸಿ, ಇನ್ನೊಮ್ಮೆ ತೊಳೆಯಲು ನಲ್ಲಿಯ ಕೆಳಗೆ ಹಿಡಿದರು.