ಜೋಡಿ ಫೋಟೊ

ಫೋಟೊದಲ್ಲಿ ನಮ್ಮ ಹಿಂದಿನ ಪರದೆ ನೀಲಿ, ಇಷ್ಟು ನೀಲಿ ಇತ್ತೇ ಅದು, ನನಗೆ ಹಸಿರು ಅಂತ ನೆನಪು — ದಾಕ್ಷಾಯಣಿ ಅಮ್ಮಾ, ಇದ್ರಲ್ಲಿರೋದು ನೀವೇ ತಾನೆ, ಪಿಂಚಣಿ ಕಚೇರಿಯ ಗುಮಾಸ್ತ ಸತೀಶ್ ಫೈಲನ್ನು ನನ್ನ ಕಡೆ ತಿರುಗಿಸಿದ್ದಾನೆ, ನಾನೇ ಕಣಪ್ಪಾ, ತಲೆತುಂಬ ಕೂದಲಿದ್ದ ನಾನು, ಪಕ್ಕದಲ್ಲಿ ಗಂಡ ಶೇಖರಪ್ಪ, ನಡುವೆ ಮೂರು ಬೆರಳು ಜಾಗ, ಆ ಜಾಗದಲ್ಲಿ ನೀಲಿ. ತಾನು ಕೆಲಸಕ್ಕಿದ್ದ ಕಾರ್ಖಾನೆಗೆ ಜೋಡಿ ಫೋಟೊ ಕೊಡಬೇಕೆಂದು ಜಾಲಹಳ್ಳಿಯ ಸ್ಟುಡಿಯೊಗೆ ಕರೆದೊಯ್ದಿದ್ದ, ಸ್ವಲ್ಪ ಅಂಟಿ ಕೂತ್ಕೊಳ್ರೀ ಎಂದು ಫೋಟೊದವನು ಅಂದರೂ ಇಬ್ಬರೂ ಅಲುಗಲಿಲ್ಲ, ಆಗಲೇ ಅವನ ಮನಸ್ಸು ಮನೆಮಾಲೀಕರ ಮಗಳು ಪಟಾಲಮ್ಮನ ಕಡೆ ಇತ್ತೇನೋ, ಕೇಳೋಣವೆಂದರೆ ಮನುಷ್ಯ ಸತ್ತು ನಲವತ್ತು ದಿನ. ಗಂಡನನ್ನು ಅವರು ಇವರು ಅನ್ನುವುದನ್ನು ಇಪ್ಪತ್ತೆರಡು ವರ್ಷದ ಹಿಂದೆಯೇ ಬಿಟ್ಟೆ, ಊರಲ್ಲಿ ಸೋಡಚೀಟಿ ಬರೆದು ನಮ್ಮನ್ನು ಬೇರೆ ಮಾಡಿದ ದಿನ — ಕೋರ್ಟು ಕಚೇರಿ ನಮ್ಮ ಮನೆತನಕ್ಕ ಹೊಂದೂದಿಲ್ಲವ್ವಾ, ಹಿರ್ಯಾರು ಕೂಡಿ ಮಾಡಿದ್ದು, ಹಿರ್ಯಾರ ಕೂಡಿ ಬಿಡಿಸ್ತೀವಿ, ದೊಡ್ಡಪ್ಪ ಬಾಂಡ್ ಪೇಪರಿನ ಮೇಲೆ ಇಬ್ಬರ ಸಹಿ ಹಾಕಿಸಿ ಒಂದು ವೀಳ್ಯದೆಲೆಯನ್ನು ಹರಿದು ಕೈಗೆ ಅರ್ಧರ್ಧ ಕೊಟ್ಟ, ನನ್ನ ಅರ್ಧವನ್ನು ಬಸ್ಸಿನಲ್ಲಿ ಜಗಿದುಬಿಟ್ಟೆ, ಹಸಿವಾಗಿತ್ತು.

ಡೈವೋರ್ಸ್ ಆಗಿದ್ರೆ ಪೆನ್ಷನ್ ಬರಲ್ಲಮ್ಮಾ, ಕೋರ್ಟ್ ಆರ್ಡರ್ ಏನಾದ್ರೂ ಇದ್ಯಾ, ಸತೀಶ್ ಕೇಳುತ್ತಾನೆ. ಕೋರ್ಟಿನದು ಇಲ್ಲ. ಬಾಂಡ್ ಪೇಪರು ನನ್ನ ಚೀಲದಲ್ಲೇ ಇದೆ, ಊಟದ ಡಬ್ಬಿಯ ಕೆಳಗೆ, ಇರುವುದು ಅದೊಂದೇ ಪ್ರತಿ, ಹೋದ ವಾರ ಅವನ ಪೆಟ್ಟಿಗೆಯಿಂದ ತೆಗೆದು ದಾಸರಹಳ್ಳಿಯ ನನ್ನ ಕೋಣೆಗೆ ಅದನ್ನು ಹಿಡಿದುಕೊಂಡು ಬಂದವಳು ಪಟಾಲಮ್ಮನೇ, ಕೂತುಕೋ ಅನ್ನಲಿಲ್ಲ ನಾನು, ಅವಳೇ ಕೂತಳು, ನಂಗೆ ಬರಾಕಿಲ್ವಂತೆ ಕಣಕ್ಕಾ, ತಾಳಿ ಕಟ್ಟಿಲ್ವಲ್ಲ, ನಿಮ್ಗಾದ್ರೂ ಬರ್ಲಿ, ಈ ಕಾಗ್ದ ಐತೆ ಅಂತ ಯಾರ್ಗೂ ಏಳ್ಬ್ಯಾಡಿ. ಲಕ್ವ ಹೊಡೆದವನನ್ನು ಮೂರು ವರ್ಷ ತೊಳೆದು ತಿನ್ನಿಸಿದ ಕೈ ಅದು, ಈ ಅರ್ಜಿಯಲ್ಲಿ ಅವಳಿಗೊಂದು ಕಾಲಂ ಇಲ್ಲ. ನನ್ನ ಕೈಯೇನು ಕಡಿಮೆಯೇ, ಹಾಸ್ಟೆಲಿನಲ್ಲಿ ರೊಟ್ಟಿ ತಟ್ಟಿ ತಟ್ಟಿ ಮಣಿಕಟ್ಟು ಹೋಗಿದೆ, ಮುಂದಿನ ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ, ಬಾಡಿಗೆ ಯಾರು ಕಟ್ಟುತ್ತಾರೆ, ವಿಚ್ಛೇದನವಾಗಿದೆಯೇ ಎಂಬಲ್ಲಿ ಇಲ್ಲ ಎಂದು ಒಂದು ಟಿಕ್ ಹಾಕಿದರೆ ಸಾಕು, ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆ ಮಹಾರಾಯ ಫೈಲಿನಿಂದ ನನ್ನ ಹೆಸರನ್ನು ತೆಗೆಸದೆ ಯಾಕೆ ಬಿಟ್ಟಿದ್ದ — ಸೋಮಾರಿತನವೇ ಇರಬೇಕು, ಗುಂಡಿ ಹೋದ ಅಂಗಿಯನ್ನೇ ವರ್ಷಗಟ್ಟಲೆ ಹಾಕಿದವನು, ಆದರೂ ನೆನಪಿಟ್ಟು ಬಿಟ್ಟಿದ್ದನೇ ಎಂದು ಒಂದು ಆಸೆ, ಈ ವಯಸ್ಸಿಗೆ, ಥೂ, ನಾಚಿಕೆಯಾಗಬೇಕು ನನಗೆ.

ಇನ್ನೊಂದಮ್ಮಾ, ಪ್ರತಿ ನವೆಂಬರ್ ಬದುಕಿದ್ದೀನಿ, ಮತ್ತೆ ಮದುವೆ ಆಗಿಲ್ಲ ಅಂತ ಬರ್ಕೊಡ್ಬೇಕು. ನಗು ಬಂತು, ಇಪ್ಪತ್ತೆರಡು ವರ್ಷ ಬದುಕಿದ್ದೀಯಾ ಎಂದು ಒಬ್ಬರೂ ಕೇಳಲಿಲ್ಲ, ಇನ್ನು ಸರ್ಕಾರ ಕೇಳುತ್ತದೆ, ಒಂಟಿಯಾಗಿಯೇ ಇದ್ದೀಯಲ್ಲವೇ ಎಂದೂ ಕೇಳುತ್ತದೆ, ಇದ್ದೇನಪ್ಪಾ, ಇನ್ನೆಲ್ಲಿಗೆ ಹೋಗಲಿ, ಹೆಂಡತಿಯಾಗಿದ್ದಾಗ ಕೊಡದ ಅನ್ನವನ್ನು ವಿಧವೆ ಮಾಡಿ ಕೊಡುತ್ತಿದ್ದಾನೆ — ಇಲ್ಲ ಎಂಬಲ್ಲಿ ಟಿಕ್ ಹಾಕಿದೆ, ಹಾಕಿದ ಮೇಲೂ ಪೆನ್ನು ಕಾಗದದ ಮೇಲೆ ನಿಂತೇ ಇತ್ತು, ಸತೀಶನೇ ಅರ್ಜಿಯನ್ನು ಮೆಲ್ಲಗೆ ತೆಗೆದುಕೊಂಡ, ಕರೀತೀನಿ, ಅಲ್ಲಿ ಕೂತಿರಿ. ಅಲ್ಲಿ ಬೆಂಚಿನ ಮೇಲೆ ಪಟಾಲಮ್ಮ, ಒಬ್ರೇ ಓಗ್ಬ್ಯಾಡಿ ಕಣಕ್ಕಾ ಎಂದು ಜೊತೆಗೆ ಬಂದವಳು, ಬರುವ ಪಿಂಚಣಿಯಲ್ಲಿ ಅವಳಿಗರ್ಧ ಎನ್ನಬೇಕು, ತಿಂಗಳಿಗೊಮ್ಮೆ ಬಂದು ತೆಗೆದುಕೊಂಡು ಹೋಗು ಎನ್ನಬೇಕು, ಯಾರಾದರೂ ಬಂದಂತಾಗುತ್ತದೆ, ಅವಳು ಸೆರಗು ಎಳೆದುಕೊಂಡು ಸರಿದಳು, ಕೂತೆ, ಅವಳು ಅಲುಗಲಿಲ್ಲ, ನಾನೂ ಅಲುಗಲಿಲ್ಲ, ನಮ್ಮಿಬ್ಬರ ನಡುವೆ ಮೂರು ಬೆರಳು ಜಾಗ, ಬೆಂಚಿಗೆ ನೀಲಿ ಬಣ್ಣ, ಮೂರು ಬೆರಳು, ನೀಲಿ