ಯಾವ ತಪ್ಪಿಗ್ರಿ, ಕಾಕಾ?

ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಹುಕ್ಕೇರಿಯ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿಯುತ್ತಾರೆ. "ಉತ್ತಮ ಕ್ಷಮಾ" ಅಂದರೆ ಸಾಕು, ವರ್ಷದ ತಪ್ಪುಗಳೆಲ್ಲ ಮನ್ನಾ. ಯಾವ ತಪ್ಪು ಅಂತ ಯಾರೂ ಕೇಳುವುದಿಲ್ಲ. ತಪ್ಪು ಮಾಡಿದವರಿಗೆ ಇದಕ್ಕಿಂತ ಅನುಕೂಲದ ದಿನ ಇನ್ನೊಂದಿಲ್ಲ ಬಿಡಿ.

೨೦೦೮ರ ಆ ದಿನ ಶ್ರದ್ಧಾ ಬಂದದ್ದು ಕ್ಷಮಿಸಲು ಅಲ್ಲ, ಸೇಡು ತೀರಿಸಿಕೊಳ್ಳಲು.

ಅಣ್ಣಾಸಾಹೇಬರ ಕಂಪ್ಯೂಟರ್ ಸೆಂಟರಿನಲ್ಲಿ ಸಮಾಜದ ವಧು-ವರರ ವೆಬ್‌ಸೈಟು ಕಟ್ಟಿದವಳು ಅವಳೇ. ಅದಕ್ಕೆ ಬಳಸಿದ ಸಿದ್ಧ ತಂತ್ರಾಂಶದ ಫ್ರೇಮ್‌ವರ್ಕಿನಲ್ಲಿ ತೂತು ಇದೆ, ವಿಳಾಸದ ಕೊನೆಗೆ ನಾಲ್ಕು ಅಕ್ಷರ ಸೇರಿಸಿದರೆ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಒಳಹೊಕ್ಕಾರು, ತಕ್ಷಣ ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಅದನ್ನು ತಯಾರಿಸಿದವರೇ ಮಾರ್ಚಿನಲ್ಲಿ ಸಾರಿದರು. ಶ್ರದ್ಧಾ ಅಂದೇ ಸೈಟಿನ ಸಂದೇಶಪೆಟ್ಟಿಗೆಯಲ್ಲಿ ಅಣ್ಣಾಸಾಹೇಬರಿಗೆ ಬರೆದಳು. ಹೊಸ ಆವೃತ್ತಿ ಏರಿಸಲು ಬೇಕಾದ ಪಾಸ್‌ವರ್ಡ್ ಅವರೊಬ್ಬರ ಕೈಯಲ್ಲಿತ್ತು. ಅವರು ಒಪ್ಪಲಿಲ್ಲ.

ಏಪ್ರಿಲ್‌ನಲ್ಲಿ ನಲವತ್ತು ಹುಡುಗಿಯರ ಫೋಟೊ, ಫೋನ್ ನಂಬರು ಗೋಕಾಕದ ಪಡ್ಡೆ ಹುಡುಗರ ಮೊಬೈಲುಗಳಲ್ಲಿ ಹರಿದಾಡಿದವು. "ಶ್ರದ್ಧಾನೇ ಕದ್ದು ಮಾರ್ಯಾಳ" ಎಂದು ಅಣ್ಣಾಸಾಹೇಬರು ಊರೆಲ್ಲ ಹೇಳಿದರು. ಎಲುಬಿಲ್ಲದ ನಾಲಗೆ! ಕೆಲಸ ಹೋಯಿತು, ಮೂಡಲಗಿಯ ಸಂಬಂಧ ಮುರಿಯಿತು. ತಾಯಿ ಕಮಲವ್ವ ಜನರ ಬಾಯಿಗೆ ಅಂಜಿ ಸಂತೆಗೆ ಹೋಗುವುದನ್ನೇ ಬಿಟ್ಟಳು.

ಪ್ರವಚನ ಮುಗಿಯಿತು. ಬಸದಿಯ ಪಕ್ಕದ ಸಭಾಭವನದಲ್ಲಿ ಪರದೆ ಕಟ್ಟಿ, ಅಣ್ಣಾಸಾಹೇಬರು ಸೈಟು ತೋರಿಸುತ್ತ ಮೈಕು ಹಿಡಿದರು. "ಮನಿಯೊಳಗಿನ ಕಳ್ಳತನ ಮುಗೀತ್ರಿ. ಈಗ ದೇವರು ಬಂದ್ರೂ ಇದರೊಳಗ ಹೋಗಾಕ ಆಗಂಗಿಲ್ಲ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕಂಡಿದ್ದೇವೆ. ಈ ಪುಣ್ಯಾತ್ಮ ಆಮೇಲೂ ಹಾಕಿರಲಿಲ್ಲ. ತೂತು ಹಾಗೇ ಇದ್ದದ್ದನ್ನು ಶ್ರದ್ಧಾ ಹಿಂದಿನ ದಿನವೇ ನೋಡಿಕೊಂಡಿದ್ದಳು.

"ದೇವರು ಯಾಕ್ರಿ ಕಾಕಾ, ನಾ ಸಾಕು" ಎಂದು ಎದ್ದಳು.

ಕಮಲವ್ವ ಓಢಣಿ ಹಿಡಿದೆಳೆದಳು. "ಇವತ್ತರ ಬಿಡವ್ವಾ."

"ಇವತ್ತ ಬೇಕು, ಯವ್ವಾ."

ಕಂಪ್ಯೂಟರಿನ ಮುಂದೆ ಹೋಗಿ ವಿಳಾಸದ ಕೊನೆಗೆ ನಾಲ್ಕು ಅಕ್ಷರ ಒತ್ತಿದಳು. ಸೈಟು ತೆರೆದುಕೊಂಡಿತು. ಯಾವ ಹುಡುಗಿಯ ಪುಟವನ್ನೂ ಮುಟ್ಟದೆ ಸಂದೇಶಪೆಟ್ಟಿಗೆ ತೆಗೆದಳು. ಪರದೆಯ ಮೇಲೆ ಮಾರ್ಚಿನ ಅವಳ ಪತ್ರ, ಕೆಳಗೆ ಉತ್ತರ. ಮೈಕು ಎಳೆದುಕೊಂಡು ಒಂದೊಂದೇ ಶಬ್ದ ಓದಿದಳು: "ನಡದ ಗಾಡಿಗೆ ಯಾಕ ಕೈ ಹಚ್ಚತಿ? ತೂತಿನ ಮಾತು ಯಾರಿಗೂ ಹೇಳಬ್ಯಾಡ. ಅಣ್ಣಾಸಾಹೇಬ."

ಐದು ತಿಂಗಳ ಉರಿ ತಣ್ಣಗಾಯಿತೆಂದರೆ ಸುಳ್ಳು. ಇನ್ನೂ ಬೇಕೆನಿಸಿತು.

ಅಣ್ಣಾಸಾಹೇಬರು ಕೈಮುಗಿದು ಬಂದರು. "ಉತ್ತಮ ಕ್ಷಮಾ, ತಂಗಿ."

"ಯಾವ ತಪ್ಪಿಗ್ರಿ, ಕಾಕಾ?"

"ತಿಳದೋ ತಿಳೀದನೋ..."

"ತಿಳದ ಮಾಡೀರಿ. ಮೈಕಿನ್ಯಾಗ ಹೇಳ್ರಿ."

ಅವರು ನೆಲ ನೋಡಿಕೊಂಡು ಹೇಳಿದರು: "ಹುಡುಗಿ ಕದ್ದಿಲ್ಲ. ತೂತು ಐತಂತ ಹೇಳಿದ್ಲು, ನಾ ಮುಚ್ಚಲಿಲ್ಲ. ಸುಳ್ಳ ಹೇಳೇನಿ."

"ಪಾಸ್‌ವರ್ಡ್ ಹಾಕ್ರಿ." ಅವರು ಹಾಕಿದರು. ಪೆನ್‌ಡ್ರೈವಿನಲ್ಲಿ ತಂದಿದ್ದ ಹೊಸ ಆವೃತ್ತಿಯನ್ನು ಶ್ರದ್ಧಾ ಏರಿಸಿದಳು. ಹತ್ತೇ ನಿಮಿಷದ ಕೆಲಸ. ಮತ್ತೆ ಅದೇ ನಾಲ್ಕು ಅಕ್ಷರ ಒತ್ತಿದಾಗ ಸೈಟು ತೆರೆಯಲಿಲ್ಲ.

ಈಗ ಕ್ಷಮಾ ಅಂದಾಳು ಎಂದು ಇಡೀ ಸಭೆ ಕಾಯಿತು. ಅಣ್ಣಾಸಾಹೇಬರು ಮತ್ತೆ ಕೈಮುಗಿದು ನಿಂತರು.

"ತೂತು ಮುಚ್ಚೇನ್ರಿ" ಎಂದಳು ಶ್ರದ್ಧಾ. "ಕ್ಷಮಾ ಮುಂದಿನ ವರ್ಷ ಕೇಳ್ರಿ."

ತಾಯಿಮಗಳು ಹೊರಗೆ ಬಂದರು. ಅಂದು ಸಂತೆಯ ದಿನ. ಕಮಲವ್ವ ಸೆರಗು ಸರಿಪಡಿಸಿಕೊಂಡು, ಮನೆಯ ದಾರಿ ಬಿಟ್ಟು ಸಂತೆಯ ಕಡೆ ತಿರುಗಿದಳು.